ಹನ್ನೊಂದನೇ ಮಂಚದ ಉಸಿರು

ನರ್ಸಿಂಗ್ ಕಾಲೇಜಿನ ಮೊದಲ ವರ್ಷದಲ್ಲಿ ಅವಳಿಗೆ ಗೆಳತಿಯರು ಇಟ್ಟ ಅಡ್ಡಹೆಸರು ಕಂಠಪಾಠ. ಹೆಸರಿಗೆ ತಕ್ಕ ಹುಡುಗಿಯೇ, ಪುಸ್ತಕಗಳನ್ನು ಅರೆದು ಕುಡಿದಿದ್ದಳು. ಆರೋಗ್ಯ ಎಂದರೇನು ಎಂದು ಯಾರಾದರೂ ಬಾಯಿತಪ್ಪಿ ಕೇಳಿದರೆ ಮುಗಿಯಿತು. ಕಾಯಿಲೆ ಇಲ್ಲದಿರುವುದಷ್ಟೇ ಆರೋಗ್ಯವಲ್ಲ ಎಂಬಲ್ಲಿಂದ ಶುರುಮಾಡಿ, ಮನಸ್ಸು, ಮನೆ, ನೆರೆಹೊರೆ, ಕುಡಿಯುವ ನೀರು ಎಲ್ಲವನ್ನೂ ಒಂದು ಸುತ್ತು ಹಾಕಿಯೇ ಬಾಯಿ ಮುಚ್ಚುತ್ತಿದ್ದಳು. ಕಪ್ಪುಹಲಗೆಯ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದು, ಈ ತುದಿಗೆ ತುಂಬು ಆರೋಗ್ಯ, ಆ ತುದಿಗೆ ಸಾವು, ನಾವೆಲ್ಲ ದಿನವೂ ಈ ಗೆರೆಯ ಮೇಲೆ ಅತ್ತಿತ್ತ ಓಡಾಡುವವರು ಎಂದು ವಿವರಿಸಿದ್ದಕ್ಕೆ ಹತ್ತಕ್ಕೆ ಹತ್ತು ಅಂಕ ಸಿಕ್ಕಿತ್ತು. ಆ ಗೆರೆಯ ಮೇಲೆ ನಡೆಯುವವರಲ್ಲಿ ಒಬ್ಬರನ್ನೂ ಅವಳು ಇನ್ನೂ ಕಣ್ಣಾರೆ ನೋಡಿರಲಿಲ್ಲ, ಅದು ಬೇರೆ ಮಾತು.

ವಾರ್ಡಿಗೆ ಬಂದ ಮೂರನೆಯ ವಾರಕ್ಕೆ ಅವಳ ಪಾಲಿಗೆ ಹದಿನಾಲ್ಕು ಮಂಚಗಳು ಬಂದವು. ಬೆಳಿಗ್ಗೆ ಹತ್ತಕ್ಕೆ ಪ್ರತಿಯೊಬ್ಬರ ಜ್ವರ, ನಾಡಿ, ಉಸಿರು, ರಕ್ತದೊತ್ತಡ ನೋಡಿ ಹಾಳೆಯಲ್ಲಿ ಬರೆಯಬೇಕು. ಇದರಲ್ಲಿ ಉಸಿರಿನದೊಂದು ವಿಚಿತ್ರ. ನಿಮ್ಮ ಉಸಿರು ಎಣಿಸುತ್ತೇನೆ ಎಂದು ಹೇಳಿದರೆ ಯಾರೂ ಸರಿಯಾಗಿ ಉಸಿರಾಡುವುದಿಲ್ಲ. ಒಬ್ಬರು ಬಿಗಿಹಿಡಿಯುತ್ತಾರೆ, ಒಬ್ಬರು ಜೋರಾಗಿ ಎಳೆದು ತೋರಿಸುತ್ತಾರೆ. ಅದಕ್ಕೇ ನಾಡಿ ನೋಡಿ ಮುಗಿದ ಮೇಲೂ ಮಣಿಕಟ್ಟು ಬಿಡಬಾರದು. ಇನ್ನೂ ನಾಡಿಯನ್ನೇ ಹಿಡಿದಿರುವಂತೆ ನಟಿಸುತ್ತ, ಕಳ್ಳಗಣ್ಣಿನಿಂದ ಎದೆಯ ಏರಿಳಿತ ನೋಡುತ್ತ, ಒಂದು ನಿಮಿಷ ಪೂರ್ತಿ ನಿಲ್ಲಬೇಕು. ಇಡೀ ಕಾಲೇಜು ಕಲಿಸುವ ಏಕೈಕ ಸುಳ್ಳು ಇದು.

ಹಿರಿಯ ವಿದ್ಯಾರ್ಥಿನಿಯರು ಇನ್ನೊಂದನ್ನೂ ಕಲಿಸಿದ್ದರು. "ಒಂದ್ ನಿಮಿಷ ಯಾರೇ ನಿಲ್ತಾರೆ? ಇಪ್ಪತ್ತು ಅಂತ ಬರಿ. ಆಗಾಗ ಒಂದು ಹದಿನೆಂಟು, ಒಂದು ಇಪ್ಪತ್ತೆರಡು ಹಾಕ್ತಿರು. ಯಾರೂ ಕೇಳಲ್ಲ."

ಕಂಠಪಾಠ ಹಾಗೆಯೇ ಮಾಡಿದಳು. ಜ್ವರ ನೋಡಿದಳು, ನಾಡಿ ನಿಯತ್ತಾಗಿ ಎಣಿಸಿದಳು, ಉಸಿರಿನ ಕಾಲಮ್ಮಿಗೆ ಬಂದಾಗ ಪೆನ್ನು ತಾನಾಗಿಯೇ ಓಡಿತು. ಹನ್ನೊಂದನೇ ಮಂಚದಲ್ಲಿ ಕಾಲಿನ ಗಾಯಕ್ಕೆಂದು ಸೇರಿದ್ದ ದರ್ಜಿ ಅಜ್ಜಿ ಇದ್ದಳು. ಬೆಳಗಾದರೆ ಎಲ್ಲರ ಸಮವಸ್ತ್ರದ ಹೊಲಿಗೆಗೂ ತಪ್ಪು ಹುಡುಕುತ್ತಿದ್ದ ಅಜ್ಜಿ ಅಂದು ಸುಮ್ಮನೆ ಗೋಡೆಗೆ ಮುಖಮಾಡಿ ಮಲಗಿದ್ದಳು. ಪಾಪ, ನಿದ್ದೆ ಬಂದಿರಬೇಕು ಎಂದುಕೊಂಡು ಹುಡುಗಿ ಇಪ್ಪತ್ತು ಎಂದು ಬರೆದು ಮುಂದಿನ ಮಂಚಕ್ಕೆ ಹೋದಳು.

ಆಗ ಬಂದರು ಗಡಿಯಾರದಮ್ಮ. ಪಾಠ ಹೇಳುವ ಹಿರಿಯ ಸಿಸ್ಟರ್ ಅವರು. ಎದೆಯ ಮೇಲೆ ತಲೆಕೆಳಗಾಗಿ ನೇತಾಡುವ ಒಂದು ಹಳೆಯ ಗಡಿಯಾರ ಸಿಕ್ಕಿಸಿಕೊಂಡಿರುತ್ತಿದ್ದರಿಂದ ಆ ಹೆಸರು. ನಮಗೆ ತಲೆಕೆಳಗು, ಅವರು ತಲೆ ಬಗ್ಗಿಸಿದರೆ ನೆಟ್ಟಗೆ. ಬಾಗಿಲಲ್ಲೇ ನಿಂತು ಅವರು ವಾರ್ಡಿನ ಉದ್ದಕ್ಕೂ ಒಮ್ಮೆ ಕಣ್ಣು ಹಾಯಿಸಿದರು. ಹಾಯಿಸಿದ ಕಣ್ಣು ಹನ್ನೊಂದನೇ ಮಂಚದ ಮೇಲೆ ನಿಂತುಬಿಟ್ಟಿತು. ನೇರ ಅಲ್ಲಿಗೆ ನಡೆದು, ಅಜ್ಜಿಯ ಮಣಿಕಟ್ಟು ಹಿಡಿದು, ತಲೆ ಬಗ್ಗಿಸಿದರು. ಒಂದು ನಿಮಿಷ ಇಡೀ ವಾರ್ಡು ಅವರ ಬೆನ್ನನ್ನೇ ನೋಡಿತು.

"ಮೂವತ್ತೆರಡು" ಎಂದರು. ಆಮೇಲೆ ಹಾಳೆ ಎತ್ತಿ ನೋಡಿದರು. "ಇಲ್ಲಿ ಇಪ್ಪತ್ತು ಅಂತಿದೆ. ಯಾವಾಗ ಎಣಿಸ್ದೆ?"

"ಈಗ್ಲೇ ಮೇಡಂ. ಐದು ನಿಮಿಷ ಆಯ್ತು."

"ಎಣಿಸಿದ್ಯಾ?"

ಹುಡುಗಿ ಇಲ್ಲವೆಂದು ತಲೆಯಾಡಿಸಿದಳು. ವರ್ಷವಿಡೀ ಒಂದು ಪ್ರಶ್ನೆಗೂ ಸೋಲದವಳು ಅವಳು.

ಆಮೇಲೆ ನಡೆದದ್ದೆಲ್ಲ ಸರಸರ. ಡಾಕ್ಟರು ಓಡಿಬಂದರು, ಆಮ್ಲಜನಕದ ಸಿಲಿಂಡರ್ ಗಡಗಡನೆ ಬಂತು, ಎಕ್ಸ್‌ರೇ ತೆಗೆದರು. ಸೋಂಕು ಶ್ವಾಸಕೋಶಕ್ಕೆ ಇಳಿದಿತ್ತು. ಸಂಜೆಯ ಹೊತ್ತಿಗೆ ಗೊತ್ತಾಗಿದ್ದರೆ ಕೈಮೀರಿ ಹೋಗುತ್ತಿತ್ತು ಎಂದು ಡಾಕ್ಟರು ಕೈ ತೊಳೆಯುತ್ತ ಹೇಳಿದರು. ಅವರು ಬೈದು ಹೇಳಿದ್ದರೆ ಎಷ್ಟೋ ವಾಸಿಯಾಗಿತ್ತು.

ಕಾಲೇಜಿನ ನಿಯಮದಲ್ಲಿ ಅನುಮಾನಕ್ಕೆ ಜಾಗವಿರಲಿಲ್ಲ. ರೋಗಿಯ ಹಾಳೆಯಲ್ಲಿ ಸುಳ್ಳು ಬರೆದವರು ಮನೆಗೆ. ಪ್ರಾಂಶುಪಾಲರು ಪತ್ರ ಬರೆಸಿಯೂ ಬಿಟ್ಟರು, ಸಹಿಯೊಂದೇ ಬಾಕಿ. ಗಡಿಯಾರದಮ್ಮ ಅವರ ಕೋಣೆಗೆ ಹೋಗಿ ಅದೇನು ಹೇಳಿದರೋ, ಹೊರಗೆ ಬಂದು ಹುಡುಗಿಯನ್ನು ಕರೆದರು.

"ಬರೋ ಸೋಮವಾರದ ತನಕ ಟೈಮ್ ಇಸ್ಕೊಂಡಿದೀನಿ. ಕೆಳಗಡೆ ದಾಖಲೆ ಕೋಣೇಲಿ ಈ ಆಸ್ಪತ್ರೆ ಶುರುವಾದಾಗಿಂದ ಇರೋ ವಾರ್ಡಿನ ಪುಸ್ತಕಗಳಿವೆ. ಅದ್ರಲ್ಲಿ ಉಸಿರನ್ನ ನಿಜವಾಗ್ಲೂ ಎಣಿಸಿದ ಒಬ್ಬ ನರ್ಸನ್ನ ಹುಡುಕ್ಕೊಂಡು ಬಾ. ಅವಳು ಎಣಿಸಿದ್ಲು ಅಂತ ನಿಂಗೆ ಹೇಗೆ ಗೊತ್ತಾಯ್ತು ಅಂತಾನೂ ಹೇಳ್ಬೇಕು."

"ಬರೀ ಅಂಕಿ ನೋಡಿ ಅದು ಹೇಗೆ ಗೊತ್ತಾಗತ್ತೆ ಮೇಡಂ?"

"ಗೊತ್ತಾಗದಿದ್ರೆ ಸೋಮವಾರ ಪೆಟ್ಟಿಗೆ ಕಟ್ಕೋ" ಎಂದು ಗಡಿಯಾರದಮ್ಮ ಹೊರಟುಹೋದರು.

ಮನೆಯಲ್ಲಿ ಅವಳಿಗೆ ಇದ್ದವಳು ಸೋದರತ್ತೆ ಒಬ್ಬಳೇ. ತಾಯಿಯಿಲ್ಲದ ಕೂಸನ್ನು ಸಾಕಿದವಳು, ಮೂವತ್ತು ವರ್ಷ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿ ನೆಲ ಒರೆಸಿದವಳು. ಸೋದರಸೊಸೆ ಬಿಳಿ ಸಮವಸ್ತ್ರ ಹಾಕಿದ ಮೊದಲ ದಿನ ಅವಳನ್ನು ಅಂಗಳದಲ್ಲಿ ನಿಲ್ಲಿಸಿ, ಮುಂದೆ ತಿರುಗು, ಹಿಂದೆ ತಿರುಗು ಎಂದು ಹತ್ತು ಸಲ ತಿರುಗಿಸಿ ನೋಡಿದ್ದಳು. ಅವಳಿಗೆ ಹೇಗೆ ಹೇಳುವುದು? ಆದರೆ ಹೇಳದೆ ಗತಿಯಿರಲಿಲ್ಲ. ಸಂಜೆ ಬಟ್ಟೆ ಮಡಚುತ್ತಿದ್ದ ಅತ್ತೆಯ ಮುಂದೆ ಕೂತು ಎಲ್ಲವನ್ನೂ ಹೇಳಿದಳು.

ಅತ್ತೆ ಬೈಯಲಿಲ್ಲ. ಎರಡು ಟವೆಲು ಮಡಚಿ ಮೂರನೆಯದಕ್ಕೆ ಕೈಹಾಕಿ ಕೇಳಿದಳು. "ನಾನು ನೆಲ ಒರೆಸ್ತಿದ್ನಲ್ಲ, ಮಂಚದ ಕೆಳಗೂ ಒರೆಸ್ತಿದ್ದೆ. ಗೋಡೆ ಮೂಲೆ ತನಕ, ಹೊಟ್ಟೆ ಮೇಲೆ ಮಲಗಿ. ಅಲ್ಲಿ ಯಾರು ಬಂದು ನೋಡ್ತಿದ್ರು ಹೇಳು?"

"ಯಾರೂ ಇಲ್ಲ ಅತ್ತೆ."

"ಮತ್ತೆ?" ಎಂದಳು ಅತ್ತೆ. ಅಷ್ಟೇ. ಹುಡುಗಿಗೆ ಎರಡು ಏಟು ಬಿದ್ದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ದಾಖಲೆ ಕೋಣೆ ನೆಲಮಾಳಿಗೆಯಲ್ಲಿತ್ತು. ಅಲ್ಲಿನ ಗುಮಾಸ್ತನನ್ನು ಹುಡುಗಿಯರು ಧೂಳಪ್ಪ ಎನ್ನುತ್ತಿದ್ದರು. ಅವನು ಕೆಮ್ಮಿದರೂ ಕಪಾಟಿನಿಂದ ಧೂಳು ಬೀಳುತ್ತದೆ ಎಂದು ತಮಾಷೆ. ಅವಳ ಕತೆ ಅದಾಗಲೇ ಅವನ ಕಿವಿಗೂ ಬಿದ್ದಿತ್ತು. "ಬಾಮ್ಮ, ಬಾ. ಮೂರು ಗೋಡೆ ತುಂಬ ಇವೆ. ಯಾವುದು ಬೇಕು?" ಎಂದ. ಯಾವುದು ಬೇಕೆಂದು ತಿಳಿದಿದ್ದರೆ ಅವಳು ಅಲ್ಲಿಗೇಕೆ ಬರುತ್ತಿದ್ದಳು!

ಎರಡು ದಿನ ಪುಟ ತಿರುವಿದಳು. ರಟ್ಟು ಕಿತ್ತ ದಪ್ಪ ಪುಸ್ತಕಗಳು, ಕೈಯಿಂದ ಗೆರೆ ಎಳೆದ ಕಾಲಮ್ಮುಗಳು. ಇಪ್ಪತ್ತು, ಹದಿನೆಂಟು, ಇಪ್ಪತ್ತು, ಇಪ್ಪತ್ತನಾಲ್ಕು, ಇಪ್ಪತ್ತು. ನೂರು ವರ್ಷದ ಹಿಂದೆಯೂ ತನ್ನಂಥವರು ಇದ್ದರಲ್ಲ ಎಂದು ಮೊದಲು ಸಮಾಧಾನವಾಯಿತು, ಆಮೇಲೆ ನಾಚಿಕೆಯಾಯಿತು. ಒಳ್ಳೆಯ ಕೈಬರಹದವಳು ಎಣಿಸಿರಬಹುದೇ? ಚಿತ್ತು ಹೊಡೆದು ತಿದ್ದಿದವಳು ಎಣಿಸಿರಬಹುದೇ? ಯಾವುದೂ ನಿಲ್ಲುವ ಸಾಕ್ಷಿಯಲ್ಲ. ಮೂರನೆಯ ದಿನ ಮಧ್ಯಾಹ್ನ ಪುಸ್ತಕ ಮುಚ್ಚಿ, ತಲೆಯ ಮೇಲೆ ಕೈಹೊತ್ತು ಕೂತಳು.

ಎದುರಿಗೆ ಧೂಳಪ್ಪ ಊಟ ಮುಗಿಸಿ ಕುರ್ಚಿಯಲ್ಲೇ ಒರಗಿ ನಿದ್ದೆ ಹೊಡೆಯುತ್ತಿದ್ದ. ಹೊಟ್ಟೆ ಏರುತ್ತಿತ್ತು, ಇಳಿಯುತ್ತಿತ್ತು. ಬೇರೆ ಕೆಲಸವಿಲ್ಲದೆ ಹುಡುಗಿ ಗೋಡೆಯ ಗಡಿಯಾರ ನೋಡಿಕೊಂಡು ಎಣಿಸತೊಡಗಿದಳು. ಅರ್ಧ ನಿಮಿಷಕ್ಕೆ ಎಂಟು. ದುಪ್ಪಟ್ಟು ಮಾಡಿದರೆ ಹದಿನಾರು. ಯಾಕೋ ಅನುಮಾನ ಬಂದು ಒಂದು ನಿಮಿಷ ಪೂರ್ತಿ ಎಣಿಸಿದಳು. ಹದಿನೇಳು. ಮತ್ತೆ ಎಣಿಸಿದಳು. ಹದಿನೈದು.

ಅವಳು ಎದ್ದುನಿಂತಳು.

ಅರ್ಧ ನಿಮಿಷ ಎಣಿಸಿ ದುಪ್ಪಟ್ಟು ಮಾಡುವವರ ಹಾಳೆಯಲ್ಲಿ ಬೆಸ ಸಂಖ್ಯೆ ಬರುವುದೇ ಇಲ್ಲ. ಎಣಿಸದೆ ಬರೆಯುವವರೂ ಆ ದುಪ್ಪಟ್ಟನ್ನೇ ನಕಲು ಮಾಡುವುದರಿಂದ ಅವರಲ್ಲೂ ಬರುವುದಿಲ್ಲ. ಅವಳ ಹದಿನಾಲ್ಕು ಮಂಚಗಳ ಹಾಳೆಯಲ್ಲಿ ಒಂದಾದರೂ ಬೆಸ ಇತ್ತೇ? ಇರಲಿಲ್ಲ. ಹದಿನಾಲ್ಕು ಹೆಂಗಸರು ಮಾತಾಡಿಕೊಂಡವರ ಹಾಗೆ ಸಮಸಂಖ್ಯೆಯಲ್ಲೇ ಉಸಿರಾಡುತ್ತಿದ್ದರು!

ಮತ್ತೆ ಮೊದಲ ಪುಸ್ತಕದಿಂದ ಶುರುಮಾಡಿದಳು. ಈಗ ಪುಟಗಳು ಬೇಗ ಬೇಗ ಓಡಿದವು. ಸಮ, ಸಮ, ಎಲ್ಲವೂ ಸಮ. ಶುಕ್ರವಾರ ಹನ್ನೆರಡು ಗಂಟೆಗೆ, ನಾಲ್ಕನೇ ಕಪಾಟಿನ ಕೆಳಗಿನ ಸಾಲಿನಲ್ಲಿ, ಗೆದ್ದಲು ಒಂದು ಮೂಲೆ ತಿಂದ ಪುಸ್ತಕದಲ್ಲಿ ಅದು ಸಿಕ್ಕಿತು. ಹದಿನೇಳು. ಇಪ್ಪತ್ತು. ಇಪ್ಪತ್ತಮೂರು. ಹತ್ತೊಂಬತ್ತು. ಮೂವತ್ತೊಂದು. ಹದಿನಾರು. ಸಮವೂ ಬೆಸವೂ ಕಲಸಿಹೋಗಿದ್ದವು, ಮನುಷ್ಯರು ಉಸಿರಾಡುವುದು ಹಾಗೆಯೇ. ಸಹಿಯ ಜಾಗದಲ್ಲಿ ಹೆಸರಿರಲಿಲ್ಲ, ನಾಲ್ಕನೇ ನರ್ಸ್ ಎಂದಷ್ಟೇ ಇತ್ತು.

ಸಿಕ್ಕಿತಲ್ಲ ಎಂದು ಪುಸ್ತಕ ಎತ್ತಿಕೊಂಡು ಓಡಬಹುದಿತ್ತು. ಆದರೆ ಪುಟ ತಿರುವಿದವಳಿಗೆ ಎದ್ದು ಹೋಗಲಾಗಲಿಲ್ಲ. ಅದು ಊರಿಗೆ ಊರೇ ಜ್ವರ ಹಿಡಿದು ಮಲಗಿದ ವರ್ಷ. ವಾರ್ಡಿನಲ್ಲಿ ಐವತ್ತನಾಲ್ಕು ಮಂಚ, ನೆಲದ ಮೇಲೆ ಹಾಸಿದ ಚಾಪೆಗಳಿಗೂ ನಂಬರು. ಮೊದಲನೇ ನರ್ಸಿನ ಸಹಿ ಒಂದು ವಾರದಲ್ಲಿ ನಿಂತಿತ್ತು, ಅವಳೇ ಮಂಚದ ಪಟ್ಟಿಗೆ ಸೇರಿದ್ದಳು. ಎರಡನೆಯವಳದೂ ಮೂರನೆಯವಳದೂ ಆಮೇಲೆ. ನಾಲ್ಕನೆಯವಳು ಮಾತ್ರ ಬೆಳಿಗ್ಗೆ ಐವತ್ತನಾಲ್ಕು, ಸಂಜೆ ಐವತ್ತನಾಲ್ಕು ಬರೆಯುತ್ತಲೇ ಹೋಗಿದ್ದಳು. ಬೆಸ ಸಂಖ್ಯೆಗಳು ಒಂದು ದಿನವೂ ನಿಂತಿರಲಿಲ್ಲ.

ಒಂಬತ್ತನೇ ಮಂಚ: ನಲವತ್ತೊಂದು, ಮೂವತ್ತೇಳು, ಮೂವತ್ತು, ಇಪ್ಪತ್ತಮೂರು, ಹತ್ತೊಂಬತ್ತು. ಮುಂದೆ, ಮನೆಗೆ ಎಂದು ಬರೆದಿತ್ತು. ಹುಡುಗಿ ಆ ಸಾಲಿನ ಮೇಲೆ ಬೆರಳಿಟ್ಟಳು. ಹತ್ತಕ್ಕೆ ಹತ್ತು ಅಂಕ ತಂದುಕೊಟ್ಟ ಆ ಗೆರೆಯ ಮೇಲೆ ಯಾರೋ ಒಬ್ಬರು ಸಾವಿನ ತುದಿಯಿಂದ ಹೊರಟು ಹೆಜ್ಜೆಹೆಜ್ಜೆಯಾಗಿ ವಾಪಸು ನಡೆದು ಬಂದಿದ್ದರು. ಬರುವ ದಾರಿಯುದ್ದಕ್ಕೂ ಒಬ್ಬಳು ಪಕ್ಕದಲ್ಲಿ ನಿಂತು ಹೆಜ್ಜೆ ಎಣಿಸಿದ್ದಳು.

ಇಪ್ಪತ್ತಾರನೇ ಮಂಚ: ಮೂವತ್ತೆಂಟು, ನಲವತ್ತಮೂರು, ನಲವತ್ತೇಳು, ಹನ್ನೊಂದು, ಏಳು. ಮುಂದೆ ಅಡ್ಡಗೆರೆ. ಏಳರ ಪಕ್ಕದಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಎರಡು ಪದ: ಪಕ್ಕದಲ್ಲೇ ಇದ್ದೆ.

ಕಂಠಪಾಠ ಮತ್ತೊಮ್ಮೆ ಲೆಕ್ಕ ಹಾಕಿದಳು. ಅರ್ಧ ನಿಮಿಷ ಎಣಿಸಿದ್ದರೆ ಮೂರೋ ನಾಲ್ಕೋ ಬರುತ್ತಿತ್ತು, ದುಪ್ಪಟ್ಟು ಮಾಡಿದರೆ ಆರೋ ಎಂಟೋ. ಇಲ್ಲಿ ಏಳಿದೆ. ಉಳಿದ ಐವತ್ತಮೂರು ಜನ ಕಾಯುತ್ತಿರುವಾಗ, ಜೊತೆಗಾರ್ತಿಯರು ಹಾಸಿಗೆ ಹಿಡಿದಿರುವಾಗ, ಇನ್ನು ಉಳಿಯುವುದಿಲ್ಲ ಎಂದು ಚೆನ್ನಾಗಿ ಗೊತ್ತಿದ್ದ ಜೀವದ ಹತ್ತಿರ ಅವಳು ಒಂದು ನಿಮಿಷ ಪೂರ್ತಿ ನಿಂತು, ಆ ಏಳನೆಯ ಉಸಿರನ್ನೂ ಎಣಿಸಿದ್ದಳು. ಇಲ್ಲದಿದ್ದರೆ ಅದು ಯಾರಿಗೂ ಗೊತ್ತಾಗದೆ ಹೋಗುತ್ತಿತ್ತು. ಹುಡುಗಿ ಅತ್ತಳು, ದುಃಖಕ್ಕಲ್ಲ. ಇಷ್ಟು ದೊಡ್ಡದನ್ನು ಇಷ್ಟು ಸಣ್ಣ ಅಕ್ಷರದಲ್ಲಿ ಬರೆದು, ಹೆಸರನ್ನೂ ಹಾಕದೆ ಹೋದ ಹೆಂಗಸನ್ನು ನೆನೆದು ಅತ್ತಳು. ಬಿಳಿ ಬಟ್ಟೆ ಹಾಕಿಕೊಂಡು ತಾನು ಬಂದು ಸೇರಿಕೊಂಡದ್ದು ಎಂಥವರ ಮನೆಗೆ ಎಂಬುದು ಅವಳಿಗೆ ಆವತ್ತು ಗೊತ್ತಾಯಿತು.

ಆಮೇಲೆ ಅವಳೊಂದು ಹುಚ್ಚು ಕೆಲಸ ಮಾಡಿದಳು. ಆ ಪುಟವನ್ನು ಮೇಜಿನ ಮೇಲೆ ಹರಡಿ, ಮುಂದೆ ನೆಟ್ಟಗೆ ನಿಂತು, ಮೊದಲ ಮಂಚದಿಂದ ಶುರುಮಾಡಿ ಒಂದೊಂದು ಸಾಲಿಗೆ ಒಂದೊಂದು ನಿಮಿಷ ನಿಂತಳು. ಹತ್ತನೇ ಮಂಚಕ್ಕೆ ಬೇಸರ, ಇಪ್ಪತ್ತಕ್ಕೆ ಸೊಂಟ ಹಿಡಿಯಿತು, ಮೂವತ್ತೈದಕ್ಕೆ ಕಾಲು ಜೋಮು. ನಿದ್ದೆಯಿಂದೆದ್ದ ಧೂಳಪ್ಪ ಕಣ್ಣು ಉಜ್ಜಿಕೊಂಡು, "ಏನಮ್ಮ, ಯಾರಾದ್ರೂ ಹೋಗ್ಬಿಟ್ರಾ? ಮೌನಾಚರಣೆ ಥರ ನಿಂತಿದೀಯಲ್ಲ" ಎಂದ. ಅವಳು ಕೈ ಎತ್ತಿ ತಡೆದಳು. ಅವನೂ ಯಾಕೋ ಎದ್ದುನಿಂತ. ಕೊನೆಯ ಹತ್ತು ನಿಮಿಷ ಇಬ್ಬರೂ ನಿಂತಿದ್ದರು.

ಸೋಮವಾರ ಪ್ರಾಂಶುಪಾಲರ ಕೋಣೆಯಲ್ಲಿ ಪುಸ್ತಕ ಮೇಜಿನ ಮೇಲಿತ್ತು, ಪತ್ರ ಅದರ ಪಕ್ಕ. ಗಡಿಯಾರದಮ್ಮ ಕಿಟಕಿಯ ಹತ್ತಿರ ಕೈಕಟ್ಟಿ ನಿಂತಿದ್ದರು. ಹುಡುಗಿ ಬೆಸ ಸಂಖ್ಯೆಯ ವಿಷಯ ಹೇಳಿದಳು. ಐವತ್ತನಾಲ್ಕು ಮಂಚಗಳ ವಿಷಯ ಹೇಳಿದಳು. ಇಪ್ಪತ್ತಾರನೇ ಸಾಲಿನ ಏಳನ್ನು ಬೆರಳಿಟ್ಟು ತೋರಿಸಿದಳು.

ಪ್ರಾಂಶುಪಾಲರು ಕನ್ನಡಕ ಏರಿಸಿ ಆ ಪುಟವನ್ನು ಬಹಳ ಹೊತ್ತು ನೋಡಿದರು. ಕೆಟ್ಟ ಮನುಷ್ಯರಲ್ಲ, ಆದರೆ ಬಿಡುವವರಲ್ಲ.

"ಸರಿಯಮ್ಮ. ಈಗ ನಿಂಗೆ ಗುಟ್ಟು ಗೊತ್ತಾಯ್ತು. ನಾಳೆಯಿಂದ ಎಣಿಸದೇನೇ ಹದಿನೇಳು, ಇಪ್ಪತ್ತೊಂದು ಅಂತ ಬರೆದ್ರೆ ನಮಗೆ ಹೇಗೆ ಗೊತ್ತಾಗ್ಬೇಕು?"

ಇದನ್ನು ಅವಳು ಯೋಚಿಸಿರಲಿಲ್ಲ. ಉತ್ತರಕ್ಕೆಂದು ಗಡಿಯಾರದಮ್ಮನ ಮುಖ ನೋಡಿದಳು. ಅವರು ಕಿಟಕಿಯಾಚೆ ನೋಡುತ್ತಿದ್ದರು.

"ಗೊತ್ತಾಗಲ್ಲ ಸಾರ್" ಎಂದಳು. "ರೋಗಿಗೂ ಗೊತ್ತಾಗ್ಬಾರ್ದು ಅಂತಾನೇ ಅಲ್ವಾ ನಮಗೆ ಕಲಿಸಿರೋದು. ಆ ಒಂದ್ ನಿಮಿಷ ಅಲ್ಲಿ ನೋಡೋಕೆ ಯಾರೂ ಇರಲ್ಲ. ನಾನು ಒಬ್ಳೇ ಇರ್ತೀನಿ."

ಪ್ರಾಂಶುಪಾಲರು ಕುರ್ಚಿ ಹಿಂದೆ ತಳ್ಳಿ ಎದ್ದರು. ಪತ್ರವನ್ನು ಕೈಗೆತ್ತಿಕೊಂಡು, "ವಾರ್ಡಿಗೆ ನಡೀರಿ" ಎಂದರು.

ದರ್ಜಿ ಅಜ್ಜಿ ಹನ್ನೊಂದನೇ ಮಂಚದಲ್ಲಿ ದಿಂಬಿಗೆ ಒರಗಿ ಕೂತಿದ್ದಳು. ಮೂಗಿನ ನಳಿಕೆ ಹಿಂದಿನ ದಿನವೇ ತೆಗೆದಿದ್ದರು. ಕಳೆದ ವಾರದ ಮಧ್ಯೆ ಹುಡುಗಿ ಅವಳ ಹತ್ತಿರ ಹೋಗಿ ತಪ್ಪೊಪ್ಪಿಕೊಂಡಿದ್ದಳು. ಅಜ್ಜಿ ಎಲ್ಲವನ್ನೂ ಕೇಳಿ, "ಅಂದ್ರೆ, ಅಳತೆ ತಗೊಳ್ದೇನೇ ಕತ್ತರಿ ಹಾಕ್ಬಿಟ್ಟೆ ಅನ್ನು" ಎಂದು ಮುಖ ತಿರುಗಿಸಿದ್ದಳು. ಆಮೇಲೆ ಮಾತಾಡಿಸಿರಲಿಲ್ಲ. ಈಗಲೂ ಕೈಯನ್ನು ಸುಮ್ಮನೆ ಮುಂದಕ್ಕೆ ಚಾಚಿದಳು, ಅಷ್ಟೇ.

ಹುಡುಗಿ ಮಣಿಕಟ್ಟು ಹಿಡಿದಳು. ಹಿಂದೆ ಇಬ್ಬರು ನಿಂತಿದ್ದರು. ನಾಡಿ ಎಂಬತ್ತೆರಡು. ಕೈ ಬಿಡಲಿಲ್ಲ. ಗೋಡೆ ಗಡಿಯಾರದ ಸೆಕೆಂಡಿನ ಮುಳ್ಳು ಹನ್ನೆರಡಕ್ಕೆ ಬರುವುದನ್ನು ಕಾದು, ಅಜ್ಜಿಯ ಹೊದಿಕೆಯ ಅಂಚು ಏರುವುದನ್ನು ನೋಡತೊಡಗಿದಳು. ಒಂದು. ಎರಡು. ಮೂರು. ಹೊದಿಕೆ ಏರಿದಾಗೆಲ್ಲ ಒಂದು ವಾರದ ಹಿಂದೆ ಇದು ನಿಂತೇಹೋಗುವುದರಲ್ಲಿತ್ತು ಎಂದು ನೆನಪಾಗುತ್ತಿತ್ತು. ಒಳಗೆ ಹೋಗುವುದು, ಹೊರಗೆ ಬರುವುದು, ಅದೇ ಹಳೆಯ ಗಾಳಿ. ಹುಟ್ಟಿದಾಗಿನಿಂದ ಒಂದು ದಿನವೂ ರಜೆ ತೆಗೆದುಕೊಳ್ಳದ ಕೆಲಸ. ಇದನ್ನು ನೋಡುತ್ತ ನಿಲ್ಲಲು ತನಗೆ ಬೇಸರವಾಗಿತ್ತಲ್ಲ ಎಂದು ಹುಡುಗಿಗೆ ಆಶ್ಚರ್ಯವಾಯಿತು.

"ನಾಡಿ ನೋಡೋಕೆ ಇಷ್ಟು ಹೊತ್ತಾ? ಬೇರೆಯವ್ರು ಹಿಡಿದು ಬಿಟ್ಬಿಡ್ತಾರೆ" ಎಂದು ಅಜ್ಜಿ ಗೊಣಗಿದಳು. ಮಾತಾಡಿದರೆ ಉಸಿರಿನ ಲೆಕ್ಕ ಕೆಡುತ್ತದೆ. ಹುಡುಗಿ ಮತ್ತೆ ಮುಳ್ಳು ಮೇಲೆ ಬರುವುದನ್ನು ಕಾದಳು.

"ನಾನು ಸ್ವಲ್ಪ ನಿಧಾನ ಅಜ್ಜಿ."

ಮತ್ತೆ ಒಂದರಿಂದ ಶುರು. ಹದಿನೆಂಟು, ಹತ್ತೊಂಬತ್ತು. ಮುಳ್ಳು ಹನ್ನೆರಡಕ್ಕೆ ಇನ್ನೂ ಎರಡು ಮನೆ ಹಿಂದಿತ್ತು. ಹೊದಿಕೆ ಮತ್ತೊಮ್ಮೆ ಏರಿತು.

ಇಪ್ಪತ್ತು.

ಮುಳ್ಳು ಹನ್ನೆರಡು ಮುಟ್ಟಿತು. ಯಾವ ಸಂಖ್ಯೆ ಅವಳ ಪೆಟ್ಟಿಗೆ ಕಟ್ಟಿಸುವುದರಲ್ಲಿತ್ತೋ ಅದೇ ಸಂಖ್ಯೆ. ಇಡೀ ಲೋಕದಲ್ಲಿ ಇವತ್ತು ಅವಳು ಬರೆಯಬಾರದ ಸಂಖ್ಯೆ ಯಾವುದಾದರೂ ಇದ್ದರೆ ಇದೊಂದೇ. ಪಕ್ಕದಲ್ಲೇ ಹತ್ತೊಂಬತ್ತು ಇತ್ತು, ಇಪ್ಪತ್ತೊಂದೂ ಇತ್ತು. ಒಂದು ಉಸಿರಿನ ವ್ಯತ್ಯಾಸ. ಬರೆದರೆ ಪ್ರಾಂಶುಪಾಲರು ತಲೆದೂಗುತ್ತಾರೆ, ಅತ್ತೆಯ ಅಂಗಳದಲ್ಲಿ ಬಿಳಿ ಬಟ್ಟೆ ಒಣಗುತ್ತಲೇ ಇರುತ್ತದೆ. ಒಂದು ಉಸಿರಿನಿಂದ ಅಜ್ಜಿಗೇನೂ ಆಗುವುದಿಲ್ಲ. ಎಣಿಸಿದವಳು ತಾನೊಬ್ಬಳೇ.

ಅವಳು ಹಾಳೆ ಎತ್ತಿಕೊಂಡು ಇಪ್ಪತ್ತು ಎಂದು ಬರೆದಳು.

ಪ್ರಾಂಶುಪಾಲರು ಬಗ್ಗಿ ನೋಡಿದರು. ಹುಬ್ಬು ಮೇಲೇರಿತು. ಹುಡುಗಿಯ ಮುಖ ನೋಡಿದರು. ಅವಳು ಅಳುತ್ತಿರಲಿಲ್ಲ, ಹೆದರಿದ ಹಾಗೂ ಕಾಣುತ್ತಿರಲಿಲ್ಲ. ಕೈ ಮಾತ್ರ ಅಜ್ಜಿಯ ಮಣಿಕಟ್ಟಿಗೆ ವಾಪಸು ಹೋಗಿತ್ತು.

"ಮೇಡಂ, ಒಂದ್ಸಲ ನೀವೂ ಎಣಿಸಿಬಿಡಿ" ಎಂದರು ಪ್ರಾಂಶುಪಾಲರು.

ಗಡಿಯಾರದಮ್ಮ ಮುಂದೆ ಬಂದರು. ಹಾಳೆಯನ್ನು ತೆಗೆದುಕೊಂಡರು. ಆ ಕಾಲಮ್ಮಿನ ಕೊನೆಯಲ್ಲಿ, ಪರೀಕ್ಷಿಸಿದೆ ಎಂದು ಸಹಿ ಹಾಕುವ ಒಂದು ಚೌಕವಿತ್ತು. ನಲವತ್ತು ವರ್ಷದ ಕೆಲಸದಲ್ಲಿ ತಾವೇ ಎಣಿಸದೆ ಅವರು ಆ ಚೌಕ ತುಂಬಿದ್ದನ್ನು ಯಾರೂ ಕಂಡಿರಲಿಲ್ಲ. ಎದೆಯ ಮೇಲಿನ ಗಡಿಯಾರಕ್ಕೆ ಕೈ ಹೋಯಿತು, ನಿಂತಿತು, ಕೆಳಗಿಳಿಯಿತು. ಪೆನ್ನು ತೆಗೆದು ಸಹಿ ಹಾಕಿದರು.

"ಹನ್ನೆರಡನೇ ಮಂಚ ಕಾಯ್ತಿದೆ" ಎಂದರು ಹುಡುಗಿಗೆ.

ಪ್ರಾಂಶುಪಾಲರು ಪತ್ರವನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡರು. ದರ್ಜಿ ಅಜ್ಜಿ ಹುಡುಗಿಯ ತೋಳು ಹಿಡಿದು ಎಳೆದು, ಸಮವಸ್ತ್ರದ ಭುಜವನ್ನು ಉಗುರಿನಿಂದ ಕೆರೆದು ನೋಡಿದಳು. "ಇಲ್ಲಿ ಹೊಲಿಗೆ ಬಿಟ್ಟಿದೆ. ಸೂಜಿ ದಾರ ತಂದ್ಕೊಡು, ಹಾಕ್ಕೊಡ್ತೀನಿ" ಎಂದಳು. ಹುಡುಗಿ ತಲೆಯಾಡಿಸಿ, ಹನ್ನೆರಡನೇ ಮಂಚಕ್ಕೆ ಹೋಗಿ, ಅಲ್ಲಿ ಮಲಗಿದ್ದವಳ ಮಣಿಕಟ್ಟು ಹಿಡಿದು ನಿಂತಳು.